ಶಾಸನಪಾಠಗಳ ಗಣಕಯೋಜನೆಗೆ ಒಂದು ಅಚ್ಚು: ‘ಮೇವನ್’ ಉಪಕರಣದ ಆರ್ಕಿಟೈಪ್ ವಿಧಾನ

ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡು 1905ರಲ್ಲಿ ಪ್ರಕಟವಾಯಿತು. ಅದನ್ನು ಬಳಸುವವರಿಗೆ ಮೊದಲು ಗೋಚರವಾಗುವುದು ಅದರ ಏಕರೂಪವಾದ ಚೌಕಟ್ಟು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿದೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆಯುಂಟು, ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳು ಗೊತ್ತಾದ ಭಾಗಗಳಲ್ಲಿ ದೊರೆಯುತ್ತವೆ. ಇತರ ಜಿಲ್ಲೆಗಳ ಸಂಪುಟಗಳಲ್ಲಿಯೂ ಇದೇ ಕ್ರಮವಿರುವುದರಿಂದಲೇ ಬೆಂಗಳೂರಿನ ಒಂದು ಶಾಸನವನ್ನು ಕೋಲಾರದ ಇನ್ನೊಂದರೊಡನೆ ಹೋಲಿಸುವ ಕೆಲಸ ಸುಗಮವಾಗಿದೆ. ಇಂತಹ ಚೌಕಟ್ಟನ್ನು ಗಣಕದಲ್ಲಿ ಒಮ್ಮೆ ಸಿದ್ಧಪಡಿಸಿ ಮತ್ತೆ ಮತ್ತೆ ಉಪಯೋಗಿಸುವ ಬಗೆಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿನ ಪೂರ್ವಭಾಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಸುತ್ತಲಿನ ಗ್ರಾಮಗಳಲ್ಲಿ ಕನ್ನಡ ಶಾಸನಗಳೂ ವೀರಗಲ್ಲುಗಳೂ ಉಂಟು. ನಗರವು ಬೆಳೆದಂತೆಲ್ಲ, ರೈಸರ ಕಾಲದಲ್ಲಿ ಓದಿದ ಕಲ್ಲುಗಳಲ್ಲಿ ಹಲವು ತಮ್ಮ ಸ್ಥಳದಿಂದ ಕಾಣೆಯಾಗಿವೆ. ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಗಣಕಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡುದಕ್ಕೆ ಈ ಆತಂಕವೇ ಹಿನ್ನೆಲೆ. ಕಾಲೇಜುಗಳ ವಿದ್ಯಾರ್ಥಿಗಳೂ ಹಲಸೂರು, ದೊಮ್ಮಲೂರು, ಕೃಷ್ಣರಾಜಪುರಗಳ ಪಾಠಗಳನ್ನು ಗಣಕಕ್ಕೆ ಏರಿಸಬಲ್ಲರು. ಆದರೆ ವಿದ್ಯಾರ್ಥಿಗಳ ತಂಡ ವರ್ಷಂಪ್ರತಿ ಬದಲಾಗುತ್ತದೆ. ಹೊಸ ತಂಡವು ಹಳೆಯ ತಂಡದ ಕಡತಗಳನ್ನು ನಕಲು ಮಾಡಿಕೊಂಡು ಕೆಲಸ ಆರಂಭಿಸಿದರೆ, ದೊಮ್ಮಲೂರಿನ ಹೆಸರು ಹಲಸೂರಿನ ಕಡತದಲ್ಲಿ ಉಳಿದುಬಿಡುವ ಅಪಾಯವುಂಟು. ಕಲ್ಲೇ ಇಲ್ಲವಾದ ಮೇಲೆ ಅಂತಹ ತಪ್ಪನ್ನು ತಿದ್ದಲು ಆಧಾರವೇ ಉಳಿಯದು.

ತಂತ್ರಾಂಶ ರಚಿಸುವವರಿಗೂ ಇದೇ ಬಗೆಯ ತೊಡಕು ಎದುರಾಗಿತ್ತು. ಅಪಾಚೆ ಸಂಸ್ಥೆಯ ‘ಜಕಾರ್ತ ಟರ್ಬೈನ್’ ಎಂಬ ಕಾರ್ಯದಲ್ಲಿ ಹಲವು ಯೋಜನೆಗಳಿದ್ದು, ಪ್ರತಿಯೊಂದರ ಕಟ್ಟುವ ಕ್ರಮವೂ ಇನ್ನೊಂದಕ್ಕಿಂತ ಸ್ವಲ್ಪ ಸ್ವಲ್ಪ ಭಿನ್ನವಾಗಿದ್ದಿತು. ಅವನ್ನು ಒಂದೇ ಕ್ರಮಕ್ಕೆ ತರುವ ಪ್ರಯತ್ನದಿಂದ ಹುಟ್ಟಿದ ಉಪಕರಣವೇ ‘ಮೇವನ್’. ಈ ಹೆಸರು ಯಿಡ್ಡಿಷ್ ಭಾಷೆಯ ಪದ. ಜ್ಞಾನವನ್ನು ಸಂಚಯಿಸಿದವನು ಎಂಬುದು ಅದರ ಅರ್ಥ. ಅದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ, ಎರಡನೆಯದು 2005ರಲ್ಲಿ ಹೊರಬಂದುವು. ಮೇವನ್ ಮುಖ್ಯವಾಗಿ ಜಾವಾ ಭಾಷೆಯ ಕ್ರಮವಿಧಿಗಳಿಗಾಗಿ ರಚಿತವಾದುದು. ಮೂಲ ಬರಹ ಎಲ್ಲಿರಬೇಕು, ಅದಕ್ಕೆ ಬೇಕಾದ ಸಾಮಗ್ರಿ ಎಲ್ಲಿರಬೇಕು, ಪರೀಕ್ಷೆಗಳು ಎಲ್ಲಿರಬೇಕು ಎಂಬುದನ್ನು ಅದು ಮೊದಲೇ ಗೊತ್ತುಪಡಿಸುತ್ತದೆ. ಯೋಜನೆಯ ಹೆಸರು, ಆವೃತ್ತಿ, ಅವಲಂಬನೆಗಳು ‘ಪಾಮ್’ ಎಂಬ ಒಂದೇ ಕಡತದಲ್ಲಿ ದಾಖಲಾಗುತ್ತವೆ.

ಗ್ರೀಕ್ ಮೂಲದ ‘ಆರ್ಕಿಟೈಪ್’ ಶಬ್ದಕ್ಕೆ ಮೂಲಮಾದರಿ ಎಂದರ್ಥ. ಮೇವನ್ನಿನಲ್ಲಿ ಅದು ಹೊಸ ಯೋಜನೆಗಳನ್ನು ತೆಗೆಯುವ ಅಚ್ಚು. ಅಚ್ಚನ್ನು ಸಿದ್ಧಪಡಿಸುವ ಕ್ರಮ ಹೀಗಿದೆ. ಮೊದಲು ಒಂದು ಯೋಜನೆಯನ್ನು, ದೊಮ್ಮಲೂರಿನದೆನ್ನೋಣ, ಸಂಪೂರ್ಣವಾಗಿ ಮುಗಿಸಬೇಕು. ಪಾಠಗಳು ಸಾಮಗ್ರಿಯ ಕೋಶದಲ್ಲಿರಲಿ. ಪ್ರತಿ ಪಾಠಕ್ಕೂ ಸ್ಥಳ, ಭಾಷೆ, ಕಾಲಗಳು ನಮೂದಾಗಿವೆಯೇ, ಶಕವರ್ಷಕ್ಕೂ ಕ್ರಿಸ್ತವರ್ಷಕ್ಕೂ 77ರಿಂದ 79ರೊಳಗಿನ ಅಂತರವಿದೆಯೇ ಎಂಬುದನ್ನು ನೋಡುವ ಪರೀಕ್ಷೆಗಳು ತಮ್ಮ ಕೋಶದಲ್ಲಿರಲಿ. ಬಳಿಕ ಆ ಯೋಜನೆಯೊಳಗೆ ‘ಆರ್ಕಿಟೈಪ್: ಕ್ರಿಯೇಟ್-ಫ್ರಮ್-ಪ್ರಾಜೆಕ್ಟ್’ ಎಂಬ ಆಜ್ಞೆಯನ್ನು ಮೇವನ್ನಿಗೆ ಕೊಟ್ಟರೆ, ‘ಟಾರ್ಗೆಟ್’ ಕೋಶದ ಒಳಗೆ ಅಚ್ಚು ರಚಿತವಾಗುತ್ತದೆ. ಅದನ್ನು ತಿದ್ದಿ, ‘ಇನ್‌ಸ್ಟಾಲ್’ ಆಜ್ಞೆಯಿಂದ ನಮ್ಮ ಗಣಕದ ಭಂಡಾರದಲ್ಲಿ ಸೇರಿಸಬೇಕು. ಆಮೇಲೆ ‘ಆರ್ಕಿಟೈಪ್: ಜನರೇಟ್’ ಎಂದರೆ ಉಪಕರಣವು ಹೊಸ ಯೋಜನೆಯ ಹೆಸರು ಮೊದಲಾದುವನ್ನು ಕೇಳಿ, ಹಲಸೂರಿನ ಅಥವಾ ಕೃಷ್ಣರಾಜಪುರದ ಯೋಜನೆಯನ್ನು ನಿರ್ಮಿಸಿಕೊಡುತ್ತದೆ.

ತಿದ್ದುವ ಹಂತದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಒಂದನೆಯದು, ಬದಲಾಗಬೇಕಾದ ಹೆಸರುಗಳು. ಅಚ್ಚಿನಲ್ಲಿ ಇವುಗಳ ಸ್ಥಾನದಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಗುರುತುಗಳಿರುತ್ತವೆ. ಉಪಕರಣವು ತಾನು ಬಲ್ಲ ಹೆಸರುಗಳನ್ನು ಮಾತ್ರ ಗುರುತಾಗಿ ಮಾರ್ಪಡಿಸುತ್ತದೆ. ಗ್ರಾಮ, ತಾಲ್ಲೂಕುಗಳಂತಹ ನಮ್ಮ ಗುರುತುಗಳನ್ನು ಅಚ್ಚಿನ ವಿವರಣ ಕಡತದಲ್ಲಿ ಅವಶ್ಯವಾದ ಗುಣಗಳೆಂದು ನಾವೇ ಘೋಷಿಸಬೇಕು. ದೊಮ್ಮಲೂರಿನ ಪಾಠಗಳನ್ನೂ ಆಗಲೇ ತೆಗೆದು, ಖಾಲಿ ನಮೂನೆಯನ್ನು ಮಾತ್ರ ಉಳಿಸಬೇಕು. ಎರಡನೆಯದು, ಛಾಯಾಚಿತ್ರಗಳು. ಗುರುತುಗಳನ್ನು ತುಂಬುವ ಕ್ರಿಯೆಗೆ ಚಿತ್ರದ ಕಡತಗಳನ್ನು ಒಳಪಡಿಸಿದರೆ ಅವು ಕೆಡುತ್ತವೆ. ಆದುದರಿಂದ ಅವನ್ನು ಪ್ರತ್ಯೇಕಿಸಿ, ಇದ್ದಂತೆಯೇ ನಕಲಾಗುವಂತೆ ಸೂಚಿಸಬೇಕು. ಮೂರನೆಯದು, ಲಿಪಿ. ಕನ್ನಡ, ತಮಿಳು ಅಕ್ಷರಗಳು ವಿರೂಪಗೊಳ್ಳದಿರಬೇಕಾದರೆ ಪಠ್ಯಕಡತಗಳ ಸಂಕೇತಕ್ರಮ ‘ಯುಟಿಎಫ್-8’ ಎಂದು ವಿವರಣ ಕಡತದಲ್ಲಿಯೂ ಪಾಮ್‌ನಲ್ಲಿಯೂ ಸ್ಪಷ್ಟವಾಗಿ ಬರೆದಿರಬೇಕು.

ಇಲ್ಲಿ ಒಂದು ಮುಖ್ಯವಾದ ಮಿತಿಯನ್ನು ಹೇಳುವುದು ಅವಶ್ಯಕ. ಅಚ್ಚಿನಿಂದ ಹೊರಬಂದ ಯೋಜನೆಗೂ ಅಚ್ಚಿಗೂ ಆಮೇಲೆ ಯಾವ ಸಂಬಂಧವೂ ಇರುವುದಿಲ್ಲ. ಅಚ್ಚನ್ನು ಮುಂದೆ ತಿದ್ದಿದರೂ ಅದರಿಂದ ಹಿಂದೆ ತೆಗೆದ ಯೋಜನೆಗಳು ತಿದ್ದುಪಡಿಯಾಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು 1972ರಿಂದ ಹೊರತರಲಾರಂಭಿಸಿದಾಗ, ಗ್ರಂಥಾಲಯಗಳಲ್ಲಿದ್ದ ಹಳೆಯ ಪ್ರತಿಗಳು ತಾವಾಗಿಯೇ ಪರಿಷ್ಕೃತವಾಗಲಿಲ್ಲವಷ್ಟೆ! ಎಲ್ಲ ಯೋಜನೆಗಳಲ್ಲಿಯೂ ಒಟ್ಟಿಗೆ ಬದಲಾಗಬೇಕಾದ ವಿಷಯಗಳಿಗೆ ಮೇವನ್ನಿನಲ್ಲಿ ಬೇರೊಂದು ಏರ್ಪಾಡಿದೆ. ಅದೇ ‘ಪೇರೆಂಟ್ ಪಾಮ್’, ಎಂದರೆ ತಾಯಿಕಡತ. ಮಕ್ಕಳ ಪಾಮ್‌ಗಳು ಅದರ ಗೊತ್ತುಪಾಡುಗಳನ್ನು ಆನುವಂಶಿಕವಾಗಿ ಪಡೆಯುತ್ತವೆ. ತಾಯಿಕಡತದ ಹೊಸ ಆವೃತ್ತಿಯ ಸಂಖ್ಯೆಯನ್ನು ಬರೆದುಕೊಂಡರೆ ಅವಕ್ಕೆ ತಿದ್ದುಪಡಿಯೂ ದೊರೆಯುತ್ತದೆ. ಆದುದರಿಂದ ಆರಂಭದಲ್ಲಿ ಒಮ್ಮೆ ಬೇಕಾಗುವ ಕೋಶವಿನ್ಯಾಸ, ಖಾಲಿ ನಮೂನೆಗಳು ಅಚ್ಚಿನಲ್ಲಿರಲಿ; ಉಪಕರಣಗಳ ಆವೃತ್ತಿ, ಸಂಕೇತಕ್ರಮ ಮೊದಲಾದ ಸಾಮಾನ್ಯ ಗೊತ್ತುಪಾಡುಗಳು ತಾಯಿಕಡತದಲ್ಲಿರಲಿ. ಈ ವಿವೇಚನೆಯಿಲ್ಲದೆ ಎಲ್ಲವನ್ನೂ ಅಚ್ಚಿಗೇ ತುರುಕಿದರೆ, ಕೆಲವು ವರ್ಷಗಳಲ್ಲಿ ಪರಸ್ಪರ ಹೊಂದದ ಯೋಜನೆಗಳೇ ಕೈಯಲ್ಲಿ ಉಳಿಯುತ್ತವೆ. ಯಾವ ಆವೃತ್ತಿಯ ಅಚ್ಚಿನಿಂದ ತೆಗೆದುದೆಂಬುದನ್ನು ಪ್ರತಿ ಯೋಜನೆಯ ಪರಿಚಯಪತ್ರದಲ್ಲಿ ಬರೆದಿಡುವುದೂ ಲೇಸು.

ಅಚ್ಚಿನಲ್ಲಿ ಎಷ್ಟಿರಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಎರಡು ಮೂರು ಯೋಜನೆಗಳು ಮುಗಿದ ಮೇಲೆ ಅವುಗಳಲ್ಲಿ ಸಮಾನವಾಗಿ ಕಂಡುದು ಮಾತ್ರ. ಊಹೆಯಿಂದ ಸೇರಿಸಿದ ಮನೆಗಳನ್ನು ವಿದ್ಯಾರ್ಥಿಗಳು ಊಹೆಯಿಂದಲೇ ತುಂಬುತ್ತಾರೆ. ತೇದಿಯಿಲ್ಲದ ವೀರಗಲ್ಲಿಗೆ ತೇದಿಯನ್ನು ಬಲವಂತವಾಗಿ ಕೇಳುವ ಅಚ್ಚು ಇತಿಹಾಸಕ್ಕೆ ಅಪಚಾರವನ್ನೇ ಮಾಡುತ್ತದೆ. ‘ತೇದಿಯಿಲ್ಲ’ ಎಂಬ ನಮೂದಿಗೂ ಅದರಲ್ಲಿ ಸ್ಥಾನವಿರಬೇಕು. ಅಕ್ಷರವನ್ನು ಓದುವ, ಕಾಲವನ್ನು ನಿರ್ಣಯಿಸುವ ಹೊಣೆಯನ್ನು ಯಾವ ಉಪಕರಣವೂ ಹೊರಲಾರದು. ಆದರೆ ಒಂದು ವರ್ಷದ ವಿದ್ಯಾರ್ಥಿಗಳು ಓದಿದುದನ್ನು ಮುಂದಿನ ವರ್ಷದವರು ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ ಕಾಣುವಂತೆ ಮಾಡುವುದು ಅದಕ್ಕೆ ಸಾಧ್ಯ. ಕಲ್ಲುಗಳು ಕಣ್ಮರೆಯಾಗುತ್ತಿರುವ ಈ ನಗರದಲ್ಲಿ ಅದು ಸಣ್ಣ ಉಪಕಾರವಲ್ಲ.