ಆರ್ ಎಂಬ ಗಣಕಭಾಷೆ: ರೂಢಿಯೂ ಶೈಲಿಯೂ

ಭಾಷೆಯು ಮೊದಲು ಜನರ ಬಳಕೆಯಲ್ಲಿ ಬೆಳೆಯುತ್ತದೆ. ವ್ಯಾಕರಣವು ಅನಂತರ ಬಂದು ಅದನ್ನು ಕ್ರಮಪಡಿಸುತ್ತದೆ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವ ವೇಳೆಗೆ ಕನ್ನಡದಲ್ಲಿ ಶತಮಾನಗಳ ಕಾವ್ಯಪರಂಪರೆ ಬೆಳೆದುನಿಂತಿತ್ತು. ಇಂತಹ ಭಾಷೆಯಲ್ಲಿ ಸೂತ್ರಗಳೊಡನೆ ಅಪವಾದಗಳೂ ಇರುವುದು ಸಹಜವೇ. ಆದರೆ ಗಣಕಯಂತ್ರಕ್ಕೆ ಆಜ್ಞೆಯನ್ನೀಯಲು ವಿದ್ವಾಂಸರು ಬುದ್ಧಿಪೂರ್ವಕವಾಗಿ ನಿರ್ಮಿಸಿದ ಭಾಷೆಯಲ್ಲಿಯೂ ಅಪವಾದಗಳೇಕಿರಬೇಕು? ಸಂಖ್ಯಾಶಾಸ್ತ್ರಕ್ಕೆಂದೇ ಹುಟ್ಟಿದ ‘ಆರ್’ ಎಂಬ ಭಾಷೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿರುವ ಬೆಲ್ ಪ್ರಯೋಗಶಾಲೆಯಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು ‘ಎಸ್’ ಎಂಬ ಭಾಷೆಯನ್ನು ರೂಪಿಸತೊಡಗಿದರು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅದೇ ಮಾದರಿಯಲ್ಲಿ ‘ಆರ್’ ಭಾಷೆಯನ್ನು ರಚಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಅದೇ. 1995ರಲ್ಲಿ ಅವರು ಅದನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಪರವಾನಗಿಯಡಿ ಲೋಕಕ್ಕೆ ಅರ್ಪಿಸಿದರು. ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಪ್ರಕಟವಾಯಿತು. ‘ಎಸ್’ ಭಾಷೆಯಲ್ಲಿ ಬರೆದ ಹಳೆಯ ಕ್ರಮವಿಧಿಗಳು ಹೊಸದರಲ್ಲಿಯೂ ಬಹುಮಟ್ಟಿಗೆ ನಡೆಯಬೇಕೆಂಬುದು ನಿರ್ಮಾಪಕರ ಆಶಯವಾಗಿತ್ತು. ಈ ಆಶಯದ ಫಲವಾಗಿ ಹಿರಿಯ ಭಾಷೆಯ ಗುಣಗಳೊಡನೆ ಅದರ ವಕ್ರತೆಗಳೂ ಕಿರಿಯ ಭಾಷೆಗೆ ಪಿತ್ರಾರ್ಜಿತವಾಗಿ ಬಂದವು.

ಮೊದಲನೆಯದಾಗಿ ಬಾಣದ ಚಿಹ್ನೆಯನ್ನು ನೋಡಬಹುದು. ಒಂದು ಹೆಸರಿಗೆ ಬೆಲೆಯನ್ನು ಕೊಡುವಾಗ ಅನೇಕ ಗಣಕಭಾಷೆಗಳು ಸಮಚಿಹ್ನೆಯನ್ನು ಬಳಸಿದರೆ, ಆರ್ ಭಾಷೆಯ ರೂಢಿಯಲ್ಲಿ ‘ಕ <- 3’ ಎಂದು ಎಡಮುಖದ ಬಾಣವನ್ನು ಬರೆಯುತ್ತಾರೆ. ‘3 ಎಂಬ ಬೆಲೆಯು ಕ ಎಂಬ ಹೆಸರನ್ನು ಸೇರಲಿ’ ಎಂದು ಇದರ ತಾತ್ಪರ್ಯ. ಈ ಬಾಣವು ‘ಕಿರಿದು’ ಎಂಬ ಚಿಹ್ನೆ ಮತ್ತು ಋಣಚಿಹ್ನೆ ಇವೆರಡರ ಜೋಡಣೆ. ತೊಡಕಿರುವುದು ಅಲ್ಲಿಯೇ. ‘ಕ < -3’ ಎಂದು ಬಿಡಿಸಿ ಬರೆದರೆ ಅದು ‘ಕ ಎಂಬುದು ಋಣ ಮೂರಕ್ಕಿಂತ ಕಿರಿದೇ?’ ಎಂಬ ಪ್ರಶ್ನೆ. ಅದನ್ನೇ ‘ಕ<-3’ ಎಂದು ಕೂಡಿಸಿ ಬರೆದರೆ ಪ್ರಶ್ನೆ ಅಳಿದು ಆಜ್ಞೆಯಾಗುತ್ತದೆ; ಕ ಎಂಬುದರ ಹಿಂದಿನ ಬೆಲೆ ಹೋಗಿ 3 ಬಂದು ಕೂರುತ್ತದೆ. ‘ಹೀಗಿದ್ದರೆ ಹಾಗೆ ಮಾಡು’ ಎಂಬ ವಾಕ್ಯದ ನಿಬಂಧನೆಯಲ್ಲಿ ಈ ಪ್ರಮಾದ ನುಸುಳಿದರಂತೂ, ಸೊನ್ನೆಯಲ್ಲದ ಸಂಖ್ಯೆಯನ್ನೆಲ್ಲ ಯಂತ್ರವು ‘ನಿಜ’ವೆಂದೇ ಎಣಿಸುವುದರಿಂದ, ನಿಬಂಧನೆಯು ಸದಾ ಸತ್ಯವಾಗಿಬಿಡುತ್ತದೆ.

ಕನ್ನಡ ಬಲ್ಲವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ‘ಅವನಲ್ಲಿಲ್ಲ’ ಎಂಬುದನ್ನು ‘ಅವನು ಅಲ್ಲಿ ಇಲ್ಲ’ ಎಂದೂ ಬಿಡಿಸಬಹುದು, ‘ಅವನಲ್ಲಿ ಇಲ್ಲ’ ಎಂದೂ ಬಿಡಿಸಬಹುದು. ಪದಗಳ ನಡುವೆ ಎಡೆಬಿಡದೆ ಬರೆದ ಓಲೆಗರಿಗಳನ್ನು ಓದುವವರಿಗೆ ಪದಚ್ಛೇದವೇ ಮೊದಲ ಪರೀಕ್ಷೆ. ಆದರೆ ಅಲ್ಲಿ ಸಂದರ್ಭವನ್ನರಿತು ಅರ್ಥವನ್ನು ನಿರ್ಣಯಿಸುವ ಸಹೃದಯನಿದ್ದಾನೆ. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಬಾಣದ ಎರಡೂ ಬದಿಗಳಲ್ಲಿ ಒಂದೊಂದು ಅಕ್ಷರದ ಎಡೆ ಬಿಡಬೇಕೆಂದು ಆರ್ ಭಾಷೆಯ ಶೈಲಿಕಾರರು ವಿಧಿಸುವುದು ಕೇವಲ ಅಂದಕ್ಕಾಗಿ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಎರಡನೆಯ ವಕ್ರತೆ ಹೆಸರುಗಳ ನಡುವಿನ ಚುಕ್ಕಿಗೆ ಸಂಬಂಧಿಸಿದ್ದು. ‘ಒಟ್ಟು ಅಂಕ’ ಎಂಬಂತಹ ಎರಡು ಪದಗಳ ಹೆಸರನ್ನು ಯಂತ್ರಕ್ಕಾಗಿ ಒಂದೇ ಪದವಾಗಿ ಬೆಸೆಯಬೇಕಾದಾಗ ಬೇರೆ ಭಾಷೆಗಳಲ್ಲಿ ನಡುವೆ ಅಡಿಗೆರೆ (_) ಹಾಕುವ ವಾಡಿಕೆಯುಂಟು. ‘ಎಸ್’ ಭಾಷೆಯಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಅಡಿಗೆರೆಗೂ ಬಾಣದ ಅರ್ಥವೇ ಇತ್ತು. 1963ರ ಅಮೆರಿಕನ್ ಅಕ್ಷರಸಂಕೇತದಲ್ಲಿ ಎಡಬಾಣವಿದ್ದ ಸ್ಥಾನಕ್ಕೆ ಅದೇ ದಶಕದ ಪರಿಷ್ಕರಣದಲ್ಲಿ ಅಡಿಗೆರೆ ಬಂದು ನೆಲೆಸಿದುದೇ ಈ ಗೊಂದಲಕ್ಕೆ ಮೂಲ. ಹೀಗಾಗಿ ಹೆಸರುಗಳನ್ನು ಬೆಸೆಯಲು ಚುಕ್ಕಿಯೇ ಗತಿಯಾಯಿತು. ಮುಂದೆ ಅದೇ ಚುಕ್ಕಿಗೆ ಮತ್ತೊಂದು ಕೆಲಸವೂ ಬಿದ್ದಿತು. ‘ಪ್ರಿಂಟ್.ಫ್ಯಾಕ್ಟರ್’ ಎಂದರೆ ‘ಫ್ಯಾಕ್ಟರ್ ಜಾತಿಯ ವಸ್ತುವನ್ನು ಮುದ್ರಿಸುವ ಬಗೆ’ ಎಂದು ಯಂತ್ರವು ಅರ್ಥೈಸತೊಡಗಿತು. ‘ಟಿ’ ಎಂಬುದು ಕೋಷ್ಟಕದ ಅಡ್ಡಸಾಲು ನೀಟಸಾಲುಗಳನ್ನು ಅದಲುಬದಲು ಮಾಡುವ ಕ್ರಿಯೆ. ಹಾಗಾದರೆ ‘ಟಿ.ಟೆಸ್ಟ್’ ಎಂಬುದು ‘ಟೆಸ್ಟ್’ ಜಾತಿಯ ವಸ್ತುವಿನಲ್ಲಿ ಆ ಕ್ರಿಯೆಯನ್ನು ನಡೆಸುವ ಬಗೆಯೇ? ಅಲ್ಲ, ಅದು ಸರಾಸರಿಗಳನ್ನು ಹೋಲಿಸುವ ಸುಪ್ರಸಿದ್ಧವಾದ ಸಂಖ್ಯಾಶಾಸ್ತ್ರೀಯ ಪರೀಕ್ಷೆ! ಒಂದೇ ಸಮಾಸಕ್ಕೆ ಎರಡು ವಿಗ್ರಹವಾಕ್ಯಗಳು ಒದಗಿದಂತಹ ಸ್ಥಿತಿ ಇದು. 2004ರ ಆವೃತ್ತಿಯಿಂದ ಹೆಸರುಗಳಲ್ಲಿ ಅಡಿಗೆರೆಗೆ ಅವಕಾಶ ದೊರೆಯಿತು. ಹೊಸದಾಗಿ ಬರೆಯುವವರು ಚುಕ್ಕಿಯನ್ನು ಬಿಟ್ಟು ಅಡಿಗೆರೆಯನ್ನೇ ಬಳಸುವುದು ಲೇಸೆಂಬ ಅಭಿಪ್ರಾಯ ಇಂದು ಪ್ರಬಲವಾಗಿದೆ.

ಮೇಲಿನವೆರಡೂ ಬರವಣಿಗೆಯ ತೊಡಕುಗಳು. ಫಲಿತಾಂಶವನ್ನೇ ಕೆಡಿಸಬಲ್ಲ ಮೂರನೆಯದೊಂದುಂಟು. ಉಪಾಧ್ಯಾಯರಿಗೆ ಪರಿಚಿತವಾದ ದೃಷ್ಟಾಂತದಿಂದಲೇ ಅದನ್ನು ವಿಶದಪಡಿಸಬಹುದು. ಒಂದು ಅಂಕಪಟ್ಟಿಯಲ್ಲಿ ನಾಲ್ವರು ವಿದ್ಯಾರ್ಥಿಗಳ ಎದುರು 35, 9, ‘ಗೈರು’, 10 ಎಂದು ಬರೆದಿದೆಯೆಂದು ಭಾವಿಸೋಣ. ನಡುವೆ ಒಂದು ಪದವಿರುವ ಕಾರಣ ಯಂತ್ರವು ಇಡೀ ಅಂಕಣವನ್ನು ಸಂಖ್ಯೆಗಳೆಂದು ಪರಿಗಣಿಸದೆ ಪದಗಳೆಂದೇ ಎಣಿಸುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಅದು ಅಷ್ಟಕ್ಕೇ ನಿಲ್ಲದೆ, ಆ ಪದಗಳನ್ನು ನಿಘಂಟಿನ ಕ್ರಮದಲ್ಲಿ ಜೋಡಿಸಿ ಒಂದೊಂದಕ್ಕೂ ಕ್ರಮಾಂಕ ಕೊಡುತ್ತಿತ್ತು. ನಿಘಂಟಿನ ಕ್ರಮದಲ್ಲಿ ಮೊದಲಕ್ಷರವೇ ಪ್ರಧಾನವಾದುದರಿಂದ 10, 35, 9, ‘ಗೈರು’ ಎಂಬ ಸರಣಿ ಏರ್ಪಡುತ್ತಿತ್ತು. ಇದನ್ನರಿಯದೆ ಅಂಕಣವನ್ನು ಸಂಖ್ಯೆಯಾಗಿ ಪರಿವರ್ತಿಸುವಂತೆ ಆಜ್ಞಾಪಿಸಿದರೆ ಅಂಕಗಳ ಬದಲು ಕ್ರಮಾಂಕಗಳೇ ದೊರೆಯುತ್ತಿದ್ದವು. ಮೂವತ್ತೈದು ಪಡೆದವನಿಗೆ 2, ಒಂಬತ್ತು ಪಡೆದವನಿಗೆ 3, ಹತ್ತು ಪಡೆದವನಿಗೆ 1. ಪರೀಕ್ಷೆಗೇ ಬಾರದವನಿಗೆ 4, ಎಂದರೆ ಎಲ್ಲರಿಗಿಂತ ಹೆಚ್ಚು! ಯಂತ್ರವು ದೋಷವಿದೆಯೆಂದು ಒಂದು ಮಾತನ್ನೂ ಆಡುತ್ತಿರಲಿಲ್ಲ. ಅಂಕಪಟ್ಟಿಯ ಸ್ಥಾನದಲ್ಲಿ ರೋಗಿಗಳ ರಕ್ತಪರೀಕ್ಷೆಯ ಪಟ್ಟಿಯನ್ನಿಟ್ಟು ನೋಡಿದರೆ ಇದರ ಗಾಂಭೀರ್ಯ ಮನವರಿಕೆಯಾದೀತು.

ಈ ವ್ಯವಸ್ಥೆಯೂ ನಿಷ್ಕಾರಣವಾದುದಲ್ಲ. ಗಂಡು–ಹೆಣ್ಣು, ಗ್ರಾಮ–ನಗರ ಎಂಬಂತಹ ವರ್ಗಗಳನ್ನು ಗಣಿತಕ್ಕೆ ಒಗ್ಗಿಸಲು ಕ್ರಮಾಂಕ ಬೇಕು. ಅಂದಿನ ಸಂಖ್ಯಾಶಾಸ್ತ್ರಜ್ಞರ ಕೈಗೆ ಬರುತ್ತಿದ್ದ ಪದಗಳು ಬಹುತೇಕ ಇಂತಹ ವರ್ಗಸೂಚಕಗಳೇ. ಕಾಲ ಬದಲಾಯಿತು, ಬಳಕೆ ವಿಸ್ತರಿಸಿತು, ರೂಢಿ ಮಾತ್ರ ಉಳಿಯಿತು. ಕೊನೆಗೆ 2020ರ 4.0.0 ಆವೃತ್ತಿಯಲ್ಲಿ ಪದಗಳನ್ನು ಪದಗಳಾಗಿಯೇ ಉಳಿಸುವ ನಿಯಮ ಬಂದಿತು. ಈಗ ಅದೇ ಅಂಕಣವನ್ನು ಪರಿವರ್ತಿಸಿದರೆ ‘ಗೈರು’ ಇದ್ದೆಡೆ ‘ಲಭ್ಯವಿಲ್ಲ’ ಎಂಬ ಸಂಕೇತ ಮೂಡಿ, ಜೊತೆಗೆ ಎಚ್ಚರಿಕೆಯ ಮಾತೂ ಬರುತ್ತದೆ.

ಈ ‘ಲಭ್ಯವಿಲ್ಲ’ ಎಂಬ ಸಂಕೇತವು ಆರ್ ಭಾಷೆಯ ಶ್ಲಾಘ್ಯವಾದ ಗುಣ. ಸೊನ್ನೆ ಬೇರೆ, ತಿಳಿಯದುದು ಬೇರೆ ಎಂಬ ವಿವೇಕ ಅದರಲ್ಲಿ ಅಡಗಿದೆ. ಒಂದೇ ಒಂದು ಬೆಲೆ ಲಭ್ಯವಿಲ್ಲದಿದ್ದರೂ ಸರಾಸರಿಯನ್ನು ಕೇಳಿದಾಗ ಯಂತ್ರವು ‘ಲಭ್ಯವಿಲ್ಲ’ ಎಂದೇ ಉತ್ತರಿಸುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಕಾದರೆ ಬಳಸುವವನು ಹಾಗೆಂದು ಸ್ಪಷ್ಟವಾಗಿ ಬರೆದುಕೊಡಬೇಕು. ಆ ಬರಹವೇ ಮುಂದೆ ಸಾಕ್ಷಿಯಾಗಿ ಉಳಿಯುತ್ತದೆ. ಹೊಸಬರಿಗೆ ಕಿರಿಕಿರಿಯೆನಿಸುವ ಈ ಹಟ ವಾಸ್ತವವಾಗಿ ಪ್ರಾಮಾಣಿಕತೆಯೇ ಆಗಿದೆ.

ಹೀಗೆ ವಕ್ರತೆಗಳನ್ನು ಪೂರ್ತಿಯಾಗಿ ಕಿತ್ತೊಗೆಯಲಾಗದ ಭಾಷೆಯಲ್ಲಿ ಬರೆಯುವವನಿಗೆ ಶೈಲಿಯೇ ರಕ್ಷೆ. ಹ್ಯಾಡ್ಲಿ ವಿಕ್‌ಹ್ಯಾಮ್ ಮೊದಲಾದವರು ರೂಪಿಸಿದ ಶೈಲಿಸೂತ್ರಗಳು ಹೇಳುವುದು ಸರಳವಾದ ಮಾತುಗಳನ್ನೇ: ಚಿಹ್ನೆಗಳ ಸುತ್ತ ಎಡೆಯಿರಲಿ, ಸಾಲು 80 ಅಕ್ಷರಗಳನ್ನು ಮೀರದಿರಲಿ, ಹೆಸರು ಅರ್ಥವತ್ತಾಗಿರಲಿ, ‘ಟ್ರೂ’, ‘ಫಾಲ್ಸ್’ ಎಂಬ ಪದಗಳನ್ನು ಪೂರ್ಣವಾಗಿ ಬರೆಯಲಿ. ಕೊನೆಯ ಸೂತ್ರಕ್ಕೂ ಕಾರಣವುಂಟು. ಅವುಗಳ ಹ್ರಸ್ವರೂಪವಾದ ‘ಟಿ’, ‘ಎಫ್’ ಎಂಬ ದೊಡ್ಡಕ್ಷರಗಳು ಸಾಮಾನ್ಯ ಹೆಸರುಗಳು. ಯಾರಾದರೂ ಅವಕ್ಕೆ ಬೇರೆ ಬೆಲೆ ಕೊಟ್ಟರೆ ಸತ್ಯವೇ ಅಸತ್ಯವಾದೀತು.

ಕ್ರಮವಿಧಿಯನ್ನು ಬರೆಯುವುದು ಒಮ್ಮೆ, ಓದುವುದು ಹಲವು ಬಾರಿ. ಲೆಕ್ಕವನ್ನು ಮತ್ತೊಬ್ಬನು ತಾಳೆ ನೋಡಬಲ್ಲನಾದರೆ ಮಾತ್ರ ಅದರ ಫಲಿತಾಂಶಕ್ಕೆ ಬೆಲೆ. ಆ ಮತ್ತೊಬ್ಬನು ಒಂದು ವರ್ಷದ ಅನಂತರ ತಾನು ಬರೆದುದನ್ನೇ ಮರೆತು ಬರುವ ಲೇಖಕನೂ ಆಗಿರಬಹುದು. ಮಕ್ಕಳಿಗೆ ಶುದ್ಧಬರಹವನ್ನೂ ಪದಚ್ಛೇದವನ್ನೂ ಬೋಧಿಸುವ ಉಪಾಧ್ಯಾಯರು ಅರಿಯದೆಯೇ ಈ ಹೊಸ ವಿದ್ಯೆಗೂ ಅಡಿಪಾಯ ಹಾಕುತ್ತಿದ್ದಾರೆ.