ಹೆಡ್‌ಫೋನ್ ಹಾಕಿದ್ದೆ, ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ

ಮೂರು ತಿಂಗಳ ಹಿಂದಿನ ಮಾತು. ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್‌ನಲ್ಲಿ ನನ್ನ ಬಿಪಿ 150 ದಾಟಿತ್ತು. ನನಗಿನ್ನೂ 31 ವರ್ಷ. ಡಾಕ್ಟರ್ ಮೇಡಂ ಎರಡನೇ ಸಲ ಪಟ್ಟಿ ಸುತ್ತಿ ನೋಡಿ, "ರಾತ್ರಿ ನಿದ್ದೆ ಹೇಗೆ?" ಅಂದರು.

"ಮಲಗೋದು ಲೇಟಾಗುತ್ತೆ ಮೇಡಂ. ಆದ್ರೆ ದಿನಾ ಎರಡು ಗಂಟೆ ಮ್ಯೂಸಿಕ್ ಕೇಳಿ ರಿಲ್ಯಾಕ್ಸ್ ಆಗ್ತೀನಿ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಆಗ ಲ್ಯಾಪ್‌ಟಾಪ್ ಮುಚ್ಚಿರುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೋ-ಫೈ, ಆ್ಯಂಬಿಯೆಂಟ್, ಚಿಲ್ ಔಟ್, ಡೌನ್‌ಟೆಂಪೊ ಅಂತ ನಾನು ಕೇಳುತ್ತಿದ್ದದ್ದೆಲ್ಲ ರಾತ್ರಿ ಒಂದು ಗಂಟೆಯವರೆಗೆ ಕೋಡ್ ಬರೆಯುವುದಕ್ಕೇ. ಈ ನಿಧಾನದ ಸಂಗೀತ ಹುಟ್ಟಿದ್ದು ಯಾತಕ್ಕೆ, ವಿಶ್ರಾಂತಿಗೋ ಅಥವಾ ಕೆಲಸ ಮಾಡಿಸುವುದಕ್ಕೋ? ಆ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದೆ. ಕಥೆ ನಾನು ಅಂದುಕೊಂಡದ್ದಕ್ಕಿಂತ ಹಳೆಯದು.

ಕುರ್ಚಿ ಮೇಜಿನ ಹಾಗೆ ಒಂದು ಸಂಗೀತ

ಫ್ರಾನ್ಸಿನ ಎರಿಕ್ ಸಾಟಿ ಎಂಬ ಸಂಗೀತಗಾರನಿಗೆ ಒಂದು ವಿಚಿತ್ರ ಆಸೆಯಿತ್ತು. ಕೋಣೆಯಲ್ಲಿ ಕುರ್ಚಿ, ಮೇಜು ಇರುವ ಹಾಗೆ ಸಂಗೀತವೂ ಇರಬೇಕು, ಯಾರೂ ಅದನ್ನು ಗಮನ ಕೊಟ್ಟು ಕೇಳಬಾರದು! ಅದಕ್ಕೆ ಅವನು ಇಟ್ಟ ಹೆಸರೇ 'ಪೀಠೋಪಕರಣದ ಸಂಗೀತ'. 1920ರಲ್ಲಿ ಪ್ಯಾರಿಸ್‌ನ ಒಂದು ಗ್ಯಾಲರಿಯಲ್ಲಿ, ನಾಟಕದ ಮಧ್ಯಂತರದಲ್ಲಿ ಅದನ್ನು ನುಡಿಸಿದರು. ಆಗಿದ್ದೇ ಬೇರೆ. ವಾದ್ಯ ಶುರುವಾದ ಕೂಡಲೇ ಜನ ಬಾಯಿ ಮುಚ್ಚಿ ಕೂತುಬಿಟ್ಟರು. ಸಾಟಿ ಅವರ ನಡುವೆ ಓಡಾಡುತ್ತಾ, ಮಾತಾಡಿ, ಎದ್ದು ಸುತ್ತಾಡಿ, ಕೇಳಬೇಡಿ ಅಂತ ಗೋಗರೆದನಂತೆ!

ಸಾಟಿಯದು ತಮಾಷೆ ಬೆರೆತ ಪ್ರಯೋಗ. ಅಮೆರಿಕದಲ್ಲಿ ಅದೇ ಬಗೆಯ ಯೋಚನೆ ವ್ಯಾಪಾರವಾಯಿತು. 1930ರ ದಶಕದಲ್ಲಿ 'ಮ್ಯೂಝಾಕ್' ಎಂಬ ಹೆಸರಿನಲ್ಲಿ ಹೋಟೆಲು, ಅಂಗಡಿಗಳಿಗೆ ತಂತಿಯ ಮೂಲಕ ಸಂಗೀತ ಹರಿಯತೊಡಗಿತು. ಮ್ಯೂಸಿಕ್‌ಗೆ ಕೊಡ್ಯಾಕ್ ಸೇರಿಸಿ ಮಾಡಿದ ಹೆಸರು ಅದು. ಮುಂದೆ ಅವರು ಕಾರ್ಖಾನೆ, ಆಫೀಸುಗಳಿಗೂ ಒಂದು ಲೆಕ್ಕಾಚಾರ ಹಾಕಿದರು. 15 ನಿಮಿಷದ ಒಂದೊಂದು ಕಂತಿನಲ್ಲಿ ಹಾಡುಗಳ ಚುರುಕು ಮೆಲ್ಲಗೆ ಏರುತ್ತಾ ಹೋಗಬೇಕು, ಆಮೇಲೆ ಸ್ವಲ್ಪ ಹೊತ್ತು ಮೌನ. ಉದ್ದೇಶ ಒಂದೇ: ಕೆಲಸಗಾರ ತೂಕಡಿಸಬಾರದು.

ಇದನ್ನು ಓದಿದಾಗ ನನಗೆ ನನ್ನ ಪ್ಲೇಲಿಸ್ಟ್ ನೆನಪಾಯಿತು. ಅದರ ಹೆಸರು 'ಡೀಪ್ ಫೋಕಸ್'!

ಹಾಸಿಗೆ ಹಿಡಿದವನ ಕಿವಿ

ತಿರುವು ಬಂದದ್ದು 1975ರಲ್ಲಿ. ಲಂಡನ್ನಿನಲ್ಲಿ ಬ್ರಯಾನ್ ಈನೊ ಎಂಬ ಸಂಗೀತಗಾರನಿಗೆ ಟ್ಯಾಕ್ಸಿ ಗುದ್ದಿ, ಆತ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ಒಂದು ರೆಕಾರ್ಡ್ ಕೊಟ್ಟು ಹೋದಳು. ಕಷ್ಟಪಟ್ಟು ರೆಕಾರ್ಡ್ ಹಾಕಿ ಬಂದು ಮಲಗಿದ ಮೇಲೆ ನೋಡಿದರೆ ಧ್ವನಿ ತೀರಾ ಕಮ್ಮಿ, ಒಂದು ಕಡೆಯ ಸ್ಪೀಕರ್ ಸತ್ತಿತ್ತು. ಮತ್ತೆ ಏಳುವ ಶಕ್ತಿ ಇಲ್ಲ. ಹೊರಗೆ ಮಳೆ. ಮಳೆಯ ಸದ್ದಿನೊಳಗೆ ಅಲ್ಲೊಂದು ಇಲ್ಲೊಂದು ತಂತಿಯ ಸ್ವರ. ಕೇಳ್ತಾ ಕೇಳ್ತಾ ಅವನಿಗೆ ಹೊಳೆಯಿತು: ಸಂಗೀತ ಹೀಗೂ ಇರಬಹುದು, ಬೆಳಕಿನ ಹಾಗೆ, ಮಳೆಯ ಹಾಗೆ.

1978ರಲ್ಲಿ ಅವನು 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಮಾಡಿದ. 'ಆ್ಯಂಬಿಯೆಂಟ್' ಎಂಬ ಹೆಸರು ಅಲ್ಲಿಂದ ನಿಂತಿತು. ಅದರ ಒಂದು ಭಾಗ ಮಾಡಿದ ರೀತಿ ಸರಳ. ಟೇಪಿನ ತುದಿಗಳನ್ನು ಅಂಟಿಸಿ ಉಂಗುರ ಮಾಡಿ, ಒಂದೊಂದರಲ್ಲೂ ಹಾಡುಗಾರ್ತಿಯರ ಒಂದೇ ಸ್ವರ. ಒಂದು ಉಂಗುರ 23 ಸೆಕೆಂಡು ಚಿಲ್ಲರೆಗೆ ಒಂದು ಸುತ್ತು ಬಂದರೆ, ಇನ್ನೊಂದಕ್ಕೆ ಸುಮಾರು 26, ಮತ್ತೊಂದಕ್ಕೆ ಸುಮಾರು 30. ಹಾಗಾಗಿ ಅವು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಸಂಧಿಸುತ್ತವೆ. ಮ್ಯೂಝಾಕ್ ಚುರುಕು ಮುಟ್ಟಿಸಲು ಹೊರಟಿತ್ತು. ಈನೊಗೆ ಬೇಕಿದ್ದದ್ದು ಸಮಾಧಾನ ಮತ್ತು ಯೋಚನೆಗೆ ಒಂದಿಷ್ಟು ಜಾಗ. ಕೇಳಿದರೂ ಸರಿ, ಕೇಳದೇ ಬಿಟ್ಟರೂ ಸರಿ.

ಇನ್ನೊಂದು ವಿಷಯ. ಹಳೇ ವಿಂಡೋಸ್ 95 ಕಂಪ್ಯೂಟರ್ ಆನ್ ಮಾಡಿದಾಗ ಬರುತ್ತಿದ್ದ ಸದ್ದು ನೆನಪಿದೆಯಾ? ಅದನ್ನು ಮಾಡಿದ್ದೂ ಇದೇ ಈನೊ. ಕೆಲವೇ ಸೆಕೆಂಡಿನ ಆ ಕೆಲಸಕ್ಕೆ 84 ತುಣುಕು ಮಾಡಿದ್ದನಂತೆ. ಶಾಂತಿಯ ಸಂಗೀತದ ಗುರುವೇ ನಮ್ಮ ಕೆಲಸದ ದಿನದ ಗಂಟೆಯನ್ನೂ ಬಾರಿಸಿದ!

ಕುಣಿದು ದಣಿದವರ ಕೋಣೆ

1989ರಲ್ಲಿ ಲಂಡನ್ನಿನ 'ಹೆವೆನ್' ಕ್ಲಬ್ಬಿನಲ್ಲಿ ದೊಡ್ಡ ಹಾಲ್‌ನ ಪಕ್ಕ ಒಂದು ಕೋಣೆ ತೆರೆದರು. ಆಚೆ ನಿಮಿಷಕ್ಕೆ 120ಕ್ಕೂ ಹೆಚ್ಚು ಬಡಿತದ ಹೌಸ್ ಮ್ಯೂಸಿಕ್, ಈಚೆ ಸುಸ್ತಾದವರು ಕೂರಲು ನಿಧಾನದ ಸದ್ದು. ಅಲೆಕ್ಸ್ ಪ್ಯಾಟರ್ಸನ್, ಜಿಮ್ಮಿ ಕಾಟಿ ಅಲ್ಲಿ ರೆಕಾರ್ಡ್ ಹಾಕುತ್ತಿದ್ದವರು. 'ಚಿಲ್ ಔಟ್' ಎಂಬ ಪದ ಸಂಗೀತಕ್ಕೆ ಅಂಟಿಕೊಂಡದ್ದು ಇಂಥ ಕೋಣೆಗಳಿಂದ. ಸ್ಪೇನಿನ ಇಬಿಜಾ ದ್ವೀಪದ ಕೆಫೆ ಡೆಲ್ ಮಾರ್‌ನಲ್ಲಿ ಹೊಸೆ ಪಡಿಯಾ ಸೂರ್ಯ ಮುಳುಗುವ ಹೊತ್ತಿಗೆ ಇಂಥದ್ದೇ ಹಾಡು ಹಾಕುತ್ತಿದ್ದ. 1991ರಲ್ಲಿ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡದ 'ಬ್ಲೂ ಲೈನ್ಸ್' ಬಂತು. ತಾಳ ಇದೆ, ಆದರೆ ಓಟ ಇಲ್ಲ. ಡೌನ್‌ಟೆಂಪೊ ಅಂದರೆ ಅದು.

ಜಪಾನಿನ ಹಿರೋಶಿ ಯೋಶಿಮುರಾ 1980ರ ದಶಕದಲ್ಲೇ ಮ್ಯೂಸಿಯಂಗಳಿಗೆ, ಕಟ್ಟಡಗಳಿಗೆ 'ಪರಿಸರ ಸಂಗೀತ' ಮಾಡಿದ್ದರು. ಅವರು ತೀರಿಕೊಂಡದ್ದು 2003ರಲ್ಲಿ. ಯೂಟ್ಯೂಬ್ ಅವರ 'ಗ್ರೀನ್' ಆಲ್ಬಮ್ಮನ್ನು ನಮ್ಮಂಥವರ ಮುಂದೆ ತಂದು ಹಾಕಿದ್ದು ಅದಾಗಿ ಎಷ್ಟೋ ವರ್ಷಕ್ಕೆ. 2017ರಲ್ಲಿ ಕಿಟಕಿ ಪಕ್ಕ ಕೂತು ಬರೆಯುವ ಆ ಹುಡುಗಿಯ ಲೋ-ಫೈ ಲೈವ್ ಶುರುವಾಯಿತು. ಅದರ ಹೆಸರಲ್ಲಿ ವಿಶ್ರಾಂತಿಯೂ ಇದೆ, ಓದೂ ಇದೆ. ನನ್ನ ಗೊಂದಲವೇ ಅಲ್ಲಿ ಕೂತಿದೆ. ಗಮನಿಸಿ, ಆ ಹುಡುಗಿ ಯಾವತ್ತೂ ಬರೆಯುವುದು ನಿಲ್ಲಿಸುವುದಿಲ್ಲ.

ಕುಂದಗೋಳದ ದಾರಿ

ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಹೆಸರು: ಪಂಡಿತ್ ಪ್ರಾಣನಾಥ್. ಕಿರಾಣಾ ಘರಾಣೆಯ ಗಾಯಕ. 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಎಂಬ ಪ್ರಯೋಗಶೀಲ ಸಂಗೀತಗಾರರು ಅವರ ಶಿಷ್ಯರಾದರು. ತಂಬೂರಿಯ ಶ್ರುತಿ, ಒಂದೊಂದು ಸ್ವರದ ಮೇಲೆ ಹೊತ್ತುಗಟ್ಟಲೆ ನಿಲ್ಲುವುದು, ಅವರು ಕಲಿತದ್ದು ಇದನ್ನು. ಇನ್ನೊಬ್ಬ ಶಿಷ್ಯ ಜಾನ್ ಹ್ಯಾಸೆಲ್ 1980ರಲ್ಲಿ ಅದೇ ಈನೊ ಜೊತೆ ಆಲ್ಬಮ್ ಮಾಡಿದರು.

ಪ್ರಾಣನಾಥರ ಗುರು, ವಿಲಂಬಿತಕ್ಕೆ ಹೆಸರಾದ ಅಬ್ದುಲ್ ವಹೀದ್ ಖಾನ್. ಅವರ ದಾಯಾದಿ ಸೋದರ ಅಬ್ದುಲ್ ಕರೀಂ ಖಾನ್. ಕರೀಂ ಖಾನರ ಶಿಷ್ಯ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್.

ಗಂಗೂಬಾಯಿ ಅಂದರೆ ನನಗೆ ಹುಬ್ಬಳ್ಳಿ ಮನೆಯ ಬೆಳಗು. ಅಪ್ಪ ಕ್ಯಾಸೆಟ್ ಹಾಕಿ ಚಹಾ ಕುಡಿಯುತ್ತಾ ಕೂರೋರು. ಶಾಲೆಗೆ ಹೊರಟ ನಾನು, "ಅಪ್ಪಾ, ಹಾಡು ಇನ್ನೂ ಚಾಲೂನ ಆಗಿಲ್ಲಲ್ಲ?" ಅಂತ ರೇಗಿಸೋನು.

"ಆಗೇತಲೇ. ನಿನಗ ಅವಸರ ಭಾಳ" ಅನ್ನೋರು.

ಹೋದ ತಿಂಗಳು ಊರಿಗೆ ಹೋದಾಗ ಇಷ್ಟೂ ಕಥೆ ಅಪ್ಪನಿಗೆ ಹೇಳಿದೆ. ಏರ್‌ಪೋರ್ಟ್ ಸಂಗೀತವನ್ನೂ ಕೇಳಿಸಿದೆ. ಐದು ನಿಮಿಷ ಕಣ್ಣು ಮುಚ್ಚಿ ಕೇಳಿ, "ಛಲೋ ಐತಿ. ಆದ್ರ ಕೇಳೂ ಮುಂದ ಆ ಫೋನ್ ಯಾಕ ತಿಕ್ಕಾಕತ್ತೀ?" ಅಂದರು. ನನ್ನ ಬೆರಳು ಆಫೀಸಿನ ಮೇಲ್ ಮೇಲಿತ್ತು.

ಈಗ ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ವಾರದಲ್ಲಿ ನಾಲ್ಕು ದಿನವಾದರೂ. ರಿಲೀಸ್ ಇದ್ದಾಗ ಆಗಲ್ಲ, ಸುಳ್ಳು ಹೇಳಲ್ಲ. ಬಿಪಿ ಮಾತ್ರೆ ನಡೀತಿದೆ, ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಫೋನನ್ನು ಅಡುಗೆಮನೆಯಲ್ಲಿಟ್ಟು, ಧ್ವನಿ ಕಮ್ಮಿ ಮಾಡಿ, ಒಂದು ದಿನ ಈನೊ, ಒಂದು ದಿನ ಗಂಗೂಬಾಯಿ. ಮೊದಲ ವಾರ ಸುಮ್ಮನೆ ಕೂರುವುದೇ ಹಿಂಸೆ ಅನ್ನಿಸಿತು. ಮೊನ್ನೆ ಮಾತ್ರ ಆಲಾಪ ಮುಗಿಯುವ ಮೊದಲೇ ನಿದ್ದೆ ಹತ್ತಿತ್ತು.

ನಿಮ್ಮ ರಾತ್ರಿಯ ಹಾಡು ಯಾವುದು? ಅದು ಕೇಳುವಾಗ ನಿಮ್ಮ ಕೈ ಎಲ್ಲಿರುತ್ತೆ? ಬರೆದು ತಿಳಿಸಿ. ನಾಳೆ ಬರೆದರೂ ನಡೆಯುತ್ತೆ, ಅವಸರ ಇಲ್ಲ.