ನರ್ಸಿಂಗ್ ಸೀಟು ಸರಿ, ಸಾಲದ ಕಂತಿನ ಲೆಕ್ಕ ಹಾಕಿದ್ದೀರಾ?

ಕಾಸರಗೋಡು: ಪ್ಲಸ್ ಟು ಫಲಿತಾಂಶ ಬಂದರೆ ಸಾಕು, ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಒಂದೇ ಮಾತು: ಮಗಳನ್ನು ನರ್ಸಿಂಗಿಗೆ ಸೇರಿಸುವುದು ಮಂಗಳೂರಿಗೋ, ಪರಿಯಾರಕ್ಕೋ? ಪರಿಯಾರದ ಸರಕಾರಿ ಸೀಟು ಅಂಕ ಇದ್ದವರಿಗೆ. ಉಳಿದವರು ತಲಪಾಡಿ ದಾಟುತ್ತಾರೆ. ದುಡ್ಡಿಗೆ ಬ್ಯಾಂಕ್ ಇದೆ ಅಲ್ವಾ ಎನ್ನುವ ಧೈರ್ಯ. ಆ ಧೈರ್ಯದ ಬೆಲೆ ಎಷ್ಟು ಅಂತ ಕಾಗದ, ಪೆನ್ನು ಹಿಡಿದು ನೋಡುವವರು ಕಡಿಮೆ.

ನೋಡೋಣ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ (ಲೆಕ್ಕ ಸುಲಭವಾಗಲೆಂದು ಈ ಅಂಕಿ, ನಿಮ್ಮ ಬ್ಯಾಂಕಿನ ದರ ಬೇರೆ ಇದ್ದೀತು). ಓದುವಾಗ ಮತ್ತು ಆ ಮೇಲೆ ಒಂದು ವರ್ಷ ಕಂತು ಇಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಅಲ್ಲ. ಮೊದಲ ವರ್ಷ ತೆಗೆದ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯ ಲಕ್ಷಕ್ಕೆ 40 ಸಾವಿರ, ಹೀಗೆ ಸರಳ ಬಡ್ಡಿಯೇ ಒಟ್ಟು 1.40 ಲಕ್ಷ. ಕಂತು ಶುರುವಾಗುವ ದಿನ ಸಾಲ 5.40 ಲಕ್ಷ.

10 ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,140 ರೂ. 15 ವರ್ಷವಾದರೆ 5,800 ರೂ. ಕಂತು ಸಣ್ಣದಾಯಿತೆಂದು ಖುಷಿಪಡುವ ಹಾಗಿಲ್ಲ. 10 ವರ್ಷಕ್ಕೆ ಒಟ್ಟು ಕಟ್ಟುವುದು ಸುಮಾರು 8.56 ಲಕ್ಷ, 15 ವರ್ಷಕ್ಕೆ 10.45 ಲಕ್ಷ! ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ 10 ವರ್ಷದ ಕಂತು 5,290ಕ್ಕೆ ಇಳಿಯುತ್ತದೆ. ಮೊದಲ ವರ್ಷ ಈ ಬಡ್ಡಿ ತಿಂಗಳಿಗೆ 830 ರೂ. ಚಿಲ್ಲರೆ, ನಾಲ್ಕನೇ ವರ್ಷ 3,330. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಕೇಳಬೇಕು, ಅಷ್ಟೆ.

ಸಂಬಳ ಎಷ್ಟು?

ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸುಗಳ ಸಂಬಳ ಸುಮ್ಮನೆ ಏರಿದ್ದಲ್ಲ. 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಶನ್ ಹುಟ್ಟಿತು, ಸಾಲು ಸಾಲು ಮುಷ್ಕರ ನಡೆಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಸಣ್ಣ ಆಸ್ಪತ್ರೆಯಲ್ಲೂ 20 ಸಾವಿರಕ್ಕೆ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. 2018ರ ಏಪ್ರಿಲ್‌ನಲ್ಲಿ ಕೇರಳ ಸರಕಾರ ಕನಿಷ್ಠ ಮೂಲವೇತನ 20,000 ರೂ. ಎಂದು ಅಧಿಸೂಚನೆ ಹೊರಡಿಸಿತು. ಆದರೆ ಆ ಅಧಿಸೂಚನೆ ತಲಪಾಡಿ ಗೇಟಿನ ಈಚೆಗೆ ಮಾತ್ರ. ಆಚೆ ಕಲಿತು ಆಚೆಯೇ ಕೆಲಸಕ್ಕೆ ನಿಲ್ಲುವವರಿಗೆ ಅದರಿಂದ ಪ್ರಯೋಜನವಿಲ್ಲ.

20 ಸಾವಿರದಲ್ಲಿ ಪಿಎಫ್ ಕಳೆದು, ಹಾಸ್ಟೆಲ್, ಊಟ ಕಳೆದು 7 ಸಾವಿರದ ಕಂತು ಕಟ್ಟಬಹುದು, ಕಷ್ಟದಲ್ಲಿ. ಕೈಗೆ 14 ಸಾವಿರ ಬಂದರೆ ಅರ್ಧ ಸಂಬಳವೇ ಬ್ಯಾಂಕಿಗೆ. ತಪ್ಪಿದರೆ ಹುಡುಗಿಯ ಹೆಸರು ಮಾತ್ರ ಕೆಡುವುದಲ್ಲ. ಅಪ್ಪ ಸಹ-ಸಾಲಗಾರ, ನಾಳೆ ಬೆಳೆಸಾಲಕ್ಕೆ ಹೋದರೆ ಸಿಬಿಲ್‌ನಲ್ಲಿ ಮಗಳ ಬಾಕಿ ಎದ್ದು ಕಾಣುತ್ತದೆ. ಎಸ್‌ಬಿಟಿ ತನ್ನ ಬಾಕಿ ಶಿಕ್ಷಣ ಸಾಲಗಳನ್ನು ರಿಲಯನ್ಸ್‌ನ ವಸೂಲಿ ಕಂಪೆನಿಗೆ ಮಾರಿದ ಗಲಾಟೆ ಕೇರಳದಲ್ಲಿ ಹಲವರಿಗೆ ನೆನಪಿರಬಹುದು. ಬಾಕಿದಾರರಿಗೆ ನೆರವಾಗಲು ರಾಜ್ಯ ಸರಕಾರ 2017ರಲ್ಲಿ 900 ಕೋಟಿಯ ಯೋಜನೆಯನ್ನೇ ತರಬೇಕಾಯಿತು.

ವಿದೇಶಕ್ಕೆ ಹೋದರೆ ಸಾಲ ಎರಡೇ ವರ್ಷದಲ್ಲಿ ತೀರುತ್ತದೆ ಎನ್ನುತ್ತಾರೆ. ನಿಜವೂ ಇರಬಹುದು. ಆದರೆ ಸಾಲದ ಮೇಲೆ ಏಜೆಂಟನ ಸಾಲ ಸೇರಿದರೆ? 2015ರಲ್ಲಿ ಬಯಲಾದ ಕುವೈಟ್ ನೇಮಕಾತಿ ಹಗರಣದಲ್ಲಿ, ಸುಮಾರು 20 ಸಾವಿರ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ ಸುಮಾರು 20 ಲಕ್ಷ ಕಿತ್ತ ಆರೋಪ ಇತ್ತು. ನೋರ್ಕಾ ರೂಟ್ಸ್‌ನ ಜರ್ಮನಿ ಯೋಜನೆ ‘ಟ್ರಿಪಲ್ ವಿನ್’ನಲ್ಲಿ ಅಭ್ಯರ್ಥಿ ನೇಮಕಾತಿ ಶುಲ್ಕ ಕೊಡಬೇಕಾಗಿಲ್ಲ, ಭಾಷೆ ಮಾತ್ರ ಕಲಿಯಬೇಕು.

ಸಾಲವೇ ಬೇಡದ ದಾರಿ

ಮೊದಲು ನೋಡಬೇಕಾದ್ದು ಇದನ್ನು. ಕೇರಳದ ಮೆರಿಟ್ ಸೀಟುಗಳು ಎಲ್‌ಬಿಎಸ್ ಸೆಂಟರ್ ಮೂಲಕ. ನಮ್ಮ ಜಿಲ್ಲೆಯ ಮರಾಟಿ ಸಮುದಾಯ 2013ರಲ್ಲಿ ಮತ್ತೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆ. ಮೆರಿಟ್ ಸೀಟು ಸಿಕ್ಕಿದರೆ ಇ-ಗ್ರಾಂಟ್ಸ್‌ನಲ್ಲಿ ಶುಲ್ಕದ ನೆರವು ಉಂಟು. ಸರ್ಟಿಫಿಕೇಟಿಗೆ ಓಡಾಡಲು ಬೇಸರವೆಂದು ಸಾಲಕ್ಕೆ ಸಹಿ ಹಾಕುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಕರ್ನಾಟಕದ ಕೆಇಎ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆ ಇದೆ. ಕನ್ನಡ, ತುಳು, ಕೊಡವ ಮಾತೃಭಾಷೆಯ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಮಕ್ಕಳು ಇದರಲ್ಲಿ ಬರುತ್ತಾರೆ. ಏಳು ವರ್ಷ ಇಲ್ಲಿ ಓದಿರಬೇಕು, ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ತಪ್ಪಿಸಿಕೊಂಡರೆ ಸೌಲಭ್ಯವೂ ತಪ್ಪಿತು.

ಸಾಲ ಅನಿವಾರ್ಯವಾದರೆ ಕೇಂದ್ರದ ಬಡ್ಡಿ ಸಬ್ಸಿಡಿ ನೋಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಆ ಐದು ವರ್ಷದ ಬಡ್ಡಿಯನ್ನು ಸರಕಾರ ಭರಿಸುತ್ತದೆ. ಮೇಲಿನ ಲೆಕ್ಕದ 1.40 ಲಕ್ಷ ಅಲ್ಲಿಗೇ ಹೋಯಿತು. ಆದರೆ ಕಾಲೇಜಿಗೆ ನ್ಯಾಕ್ ಮಾನ್ಯತೆಯಂಥದು ಇರಬೇಕು. 2017ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಿಂದ ಕರ್ನಾಟಕದ ಕಾಲೇಜುಗಳ ಹೆಸರು ಹೋದಾಗ ಕೇರಳದ ಮಕ್ಕಳ ಸಾಲಕ್ಕೇ ತೊಡಕಾಗಿತ್ತು. ಆದ್ದರಿಂದ ಕಾಲೇಜಿನ ಮಾನ್ಯತಾ ಪತ್ರದ ಪ್ರತಿ, ನಾಲ್ಕೂ ವರ್ಷದ ಶುಲ್ಕದ ಪಟ್ಟಿ ಎರಡನ್ನೂ ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳಿ. ಮೂಲ ಮಾರ್ಕ್ಸ್‌ಕಾರ್ಡ್ ಅಲ್ಲೇ ಬಿಟ್ಟು ಬರಬೇಕೆಂದರೆ, ಮಧ್ಯದಲ್ಲಿ ಕೋರ್ಸು ಬಿಟ್ಟರೆ ಎಷ್ಟು ಕಟ್ಟಬೇಕೆಂದೂ ಕೇಳಿ ಬನ್ನಿ.